ಹನ್ನೆರಡನೆಯ ನಂಬರಿನ ಅಂಗಿ

ಬಫಲೋ, ನ್ಯೂಯಾರ್ಕ್ ರಾಜ್ಯ
ಜನವರಿ 18

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮೊಣಕಾಲು ಮಾತ್ರ ಈ ಚಳಿಗೆ ಮುಷ್ಕರ ಹೂಡಿದೆ. ಫೋನಿನಲ್ಲಿ ನೀವು ‘ಹೂಂ’ ಎನ್ನುವುದು ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಹಾಗಾಗಿ ಕಾಗದವೇ ವಾಸಿ ಎಂದು ಕುಳಿತಿದ್ದೇನೆ. ಮಗು ಮಲಗಿದೆ, ಎಷ್ಟು ಹೊತ್ತೋ ಗೊತ್ತಿಲ್ಲ.

ಮಗುವಿನ ನೀಲಿ ಅಂಗಿಯ ಮೇಲೆ 12 ಎಂದು ಏಕೆ ಬರೆದಿದೆ ಎಂದು ಮೊನ್ನೆ ಕೇಳಿದಿರಲ್ಲ, ಅದು ಪಕ್ಕದ ಮನೆಯ ಅಜ್ಜಿ ತಂದುಕೊಟ್ಟದ್ದು. ಈ ಊರಿನ ಫುಟ್‌ಬಾಲ್ ತಂಡ ಬಿಲ್ಸ್. ಅದರಲ್ಲಿ ಜಿಮ್ ಕೆಲ್ಲಿ ಎಂಬ ಆಟಗಾರ ತೊಡುತ್ತಿದ್ದ ನಂಬರು ಅದು. 2001ರಿಂದ ಆ ನಂಬರನ್ನು ತಂಡದಲ್ಲಿ ಬೇರೆ ಯಾರಿಗೂ ಕೊಡುತ್ತಿಲ್ಲ. ನಮ್ಮ ಕೂಸಿಗೆ ಅಡ್ಡಿ ಮಾಡುವವರಿಲ್ಲ ಬಿಡಿ.

ಫುಟ್‌ಬಾಲ್ ಎಂದರೆ ಇಲ್ಲಿ ಕಾಲಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ. ‘ಜಾತ್ರೆಯ ನೂಕುನುಗ್ಗಲು’ ಎಂದು ಅಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಾಳೆ. ಕೆಲ್ಲಿ ಆಡುತ್ತಿದ್ದ ಜಾಗಕ್ಕೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ನಿಮಗೆ ಅದನ್ನು ವಿವರಿಸುವುದು ಸುಲಭ, ವಾಲಿಬಾಲಿನಲ್ಲಿ ನೀವು ಮಾಡುತ್ತಿದ್ದ ಕೆಲಸವೇ ಅದು. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಯಾರಿಗೆ ಕೊಡಬೇಕೆಂದು ಅವನು ಕ್ಷಣದಲ್ಲಿ ಗೊತ್ತುಮಾಡಬೇಕು. ಚಪ್ಪಾಳೆ ಹೆಚ್ಚಾಗಿ ಹಿಡಿದು ಓಡಿದವನಿಗೆ, ಬೈಗುಳ ಮಾತ್ರ ಇವನಿಗೆ. ಒಂದೇ ವ್ಯತ್ಯಾಸವೆಂದರೆ ನೀವು ಚೆಂಡು ಎತ್ತುವಾಗ ನೂರಿಪ್ಪತ್ತು ಕೆಜಿಯ ಆಸಾಮಿ ಬಂದು ನಿಮ್ಮನ್ನು ನೆಲಕ್ಕೆ ಕೆಡವುತ್ತಿರಲಿಲ್ಲ. ತಂತ್ರವನ್ನು ಸಾಮಾನ್ಯವಾಗಿ ತರಬೇತುದಾರರು ಹೊರಗಿನಿಂದ ಹೇಳಿ ಕಳಿಸುತ್ತಾರೆ. ಕೆಲ್ಲಿ ಮಾತ್ರ ಗುಂಪು ಕೂಡಿ ಸಮಾಲೋಚಿಸುವುದನ್ನೂ ಬಿಟ್ಟು, ಎದುರಾಳಿ ಉಸಿರು ತೆಗೆದುಕೊಳ್ಳುವ ಮುಂಚೆಯೇ ನಿಂತಲ್ಲಿಂದ ಕೂಗಿ ಆಡಿಸುತ್ತಿದ್ದರಂತೆ.

ಮೊದಲು ಈ ಊರು ಅವರಿಗೆ ಬೇಡವಾಗಿತ್ತು. 1983ರಲ್ಲಿ ಬಿಲ್ಸ್ ಆರಿಸಿಕೊಂಡರೂ ಬರದೆ, ಬೇರೊಂದು ಲೀಗಿನಲ್ಲಿ ಹ್ಯೂಸ್ಟನ್ ತಂಡ ಸೇರಿಕೊಂಡರು. ಬಿಸಿಲಿನ ಊರು, ಮೇಲೆ ಚಾವಣಿ ಇದ್ದ ಮೈದಾನ. ಈ ಕಿಟಕಿಯಾಚೆ ಕಾರು ಯಾವುದು, ಹಿಮದ ಗುಡ್ಡೆ ಯಾವುದು ಎಂದು ತಿಳಿಯದ ಈ ಹೊತ್ತಿನಲ್ಲಿ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆ ಲೀಗು ಮುಚ್ಚಿಹೋದ ಮೇಲೆ 1986ರಲ್ಲಿ ಇಲ್ಲಿಗೇ ಬರಬೇಕಾಯಿತು. ಬಂದವರು ನಿವೃತ್ತರಾದ ಮೇಲೂ ಊರು ಬಿಡಲಿಲ್ಲ.

ಈಗ ನಿಮಗೆ ಹೇಳಲೇಬೇಕಾದ ಮಾತು. ಇವರ ದೇಶದ ದೊಡ್ಡ ಫೈನಲ್ಲಿಗೆ ಸೂಪರ್ ಬೌಲ್ ಎನ್ನುತ್ತಾರೆ. ಬಿಲ್ಸ್ ಸತತ ನಾಲ್ಕು ವರ್ಷ ಅಲ್ಲಿಗೆ ಹೋಯಿತು, ಬೇರೆ ಯಾವ ತಂಡವೂ ಹಾಗೆ ಹೋಗಿಲ್ಲ. ನಾಲ್ಕರಲ್ಲೂ ಸೋತಿತು. ಮೂರು ಸೋಲುಗಳನ್ನು ಬಿಡಿ, ಅವು ನೆಟ್ಟಗೆ ಬಿದ್ದ ಪೆಟ್ಟುಗಳು. ಮೊದಲನೆಯದೇ ಬೇರೆ. 1991ರ ಜನವರಿ 27, ಟ್ಯಾಂಪಾ ನಗರ. ನ್ಯೂಯಾರ್ಕ್ ಜೈಂಟ್ಸ್ ಒಂದೇ ಅಂಕದಿಂದ ಮುಂದಿತ್ತು, 20–19. ಎರಡು ನಿಮಿಷಕ್ಕೆ ತುಸು ಹೆಚ್ಚು ಸಮಯ ಉಳಿದಿದ್ದಾಗ ಕೆಲ್ಲಿಯ ಕೈಗೆ ಚೆಂಡು ಬಂತು. ತಮ್ಮದೇ ತುದಿಯಿಂದ ಹೊರಟು, ಒಂದಿಷ್ಟು ತಾವೇ ಓಡಿ, ಕೊನೆಯ ಎಂಟು ಸೆಕೆಂಡಿಗೆ ಚೆಂಡನ್ನು ಒದೆಯಬಹುದಾದ ದೂರಕ್ಕೆ ತಂದಿಟ್ಟರು. ಒದೆಯಬೇಕಾದವರು ಸ್ಕಾಟ್ ನಾರ್ವುಡ್, ದೂರ 47 ಗಜ. ಚೆಂಡು ಎರಡು ಕಂಬಗಳ ನಡುವೆ ಹಾದರೆ ಗೆಲುವು. ಚೆಂಡು ಕಂಬದ ಬಲಗಡೆಯಿಂದ ಹೊರಗೆ ಹೋಯಿತು.

ಮಾರನೆಯ ದಿನ ತಂಡ ಊರಿಗೆ ಮರಳಿದಾಗ ಸಾವಿರಾರು ಜನ ನಯಾಗರಾ ಚೌಕದಲ್ಲಿ ಸೇರಿದ್ದರು. ಪಕ್ಕದ ಮನೆಯ ಅಜ್ಜಿಯೂ ಆ ಗುಂಪಿನಲ್ಲಿದ್ದರಂತೆ. ಜನ ಕೆಲ್ಲಿಯನ್ನು ಕೂಗಲಿಲ್ಲ, ‘ಸ್ಕಾಟ್ ಬೇಕು, ಸ್ಕಾಟ್ ಬೇಕು’ ಎಂದು ಕೂಗಿದರು. ಹಿಂದೆ ನಿಂತಿದ್ದ ಆ ಮನುಷ್ಯ ಮೈಕಿನ ಮುಂದೆ ಬರುವವರೆಗೂ ಬಿಡಲಿಲ್ಲ. ಇದನ್ನು ಹೇಳುವಾಗ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ಅಮ್ಮ ಕೊಟ್ಟ ಅಂಟಿನುಂಡೆಯನ್ನು ಕೈಯಲ್ಲಿ ಹಿಡಿದೇ ಅತ್ತರು. ಒಂದು ಅಕ್ಷರ ಅರ್ಥವಾಗದಿದ್ದರೂ ಅಮ್ಮನೂ ಜೊತೆಗೆ ಅತ್ತಳು.

ಕೆಲ್ಲಿಯ ಕೊನೆಯ ಪಂದ್ಯ 1996ರ ಡಿಸೆಂಬರಿನಲ್ಲಿ, ಇದೇ ಊರಿನ ಮೈದಾನದಲ್ಲಿ ನಡೆಯಿತು. ತಲೆಗೆ ಪೆಟ್ಟು ಬಿದ್ದು ಹೊರಗೆ ಸಾಗಿಸಬೇಕಾಯಿತು. ಆಟ ಬಿಟ್ಟ ಮೇಲೆ 1997ರ ಫೆಬ್ರವರಿ 14ರಂದು, ತಮ್ಮದೇ ಹುಟ್ಟುಹಬ್ಬದ ದಿನ, ಅವರಿಗೆ ಮಗ ಹುಟ್ಟಿದ. ಹೆಸರು ಹಂಟರ್. ಕೆಲವೇ ತಿಂಗಳಲ್ಲಿ ಕ್ರಾಬೆ ಎಂಬ ಕಾಯಿಲೆ ಗೊತ್ತಾಯಿತು. ನರಗಳ ಮೇಲಿನ ಹೊದಿಕೆಯೇ ಕರಗಿಹೋಗುವ ರೋಗ. ಮಗು ನುಂಗಲಾರದು, ಕೂರಲಾರದು. ಅಂಥ ಕೂಸನ್ನು ಎಂಟು ವರ್ಷ ಸಾಕಿದರು. 2005ರಲ್ಲಿ ಹೋಯಿತು.

ರಾತ್ರಿ ಹಾಲೂಡಿಸುವಾಗ ಇವರು ಮೊಬೈಲಿನಲ್ಲಿ ಕೆಲ್ಲಿಯ ಭಾಷಣವೊಂದನ್ನು ಹಾಕಿದ್ದರು. 2002ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ, ಫುಟ್‌ಬಾಲಿನ ಹಿರಿಯರ ಸಾಲಿಗೆ ಸೇರಿಸಿಕೊಂಡಾಗ ಮಾಡಿದ್ದು. ಇಡೀ ಆಟದ ಬದುಕನ್ನು ಹಿಂದಿರುಗಿ ನೋಡುವ ದಿನ. ಮೂವತ್ತೈದು ಸಾವಿರ ಗಜಕ್ಕೂ ಹೆಚ್ಚು ಎಸೆದ ಮನುಷ್ಯ, ಜನ ನನ್ನನ್ನು ಗಟ್ಟಿಗನೆಂದು ಬರೆದಿದ್ದಾರೆ, ಆದರೆ ನಾನು ಕಂಡ ಎಲ್ಲರಿಗಿಂತ ಗಟ್ಟಿಗ ನನ್ನ ಮಗ ಎಂಬರ್ಥದ ಮಾತು ಹೇಳಿದರು. ನಾನು ಮೊಬೈಲನ್ನು ಆರಿಸಲು ಹೇಳಿದೆ.

ಯಾಕೆಂದರೆ ಆ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು. ಹುಟ್ಟಿದ ಮಾರನೆಯ ದಿನ ನರ್ಸ್ ಬಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದುಂಡು ಗುರುತುಗಳಿದ್ದ ದಪ್ಪ ಕಾಗದಕ್ಕೆ ರಕ್ತ ಒತ್ತಿಸಿಕೊಂಡಾಗ ‘ಹಸುಗೂಸಿಗೆ ಎಂಥ ಶಿಕ್ಷೆ’ ಎಂದು ಅಮ್ಮ ರೇಗಿದ್ದಳು, ಫೋನಿನಲ್ಲಿ ನಿಮಗೂ ದೂರು ಹೇಳಿದ್ದಳಲ್ಲ. ಆ ಕಾಗದ ಒಣಗಿದ ಮೇಲೆ ಆಲ್ಬನಿಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ನೋಡುವ ರೋಗಗಳ ಪಟ್ಟಿಯಲ್ಲಿ ಕ್ರಾಬೆಯೂ ಇದೆ. ಲಕ್ಷಣ ಕಾಣುವ ಮೊದಲೇ ತಿಳಿದರೆ ಚಿಕಿತ್ಸೆಗೆ ಒಂದಿಷ್ಟು ದಾರಿ ಇದೆಯಂತೆ, ಆಮೇಲೆ ಇಲ್ಲ. ಕೆಲ್ಲಿ ದಂಪತಿ ಮಗನ ಹೆಸರಿನಲ್ಲಿ ಸಂಸ್ಥೆ ಕಟ್ಟಿ ಇದರ ಬೆನ್ನು ಹತ್ತಿದ್ದರು. ಎಲ್ಲ ಮಕ್ಕಳಿಗೂ ಈ ಪರೀಕ್ಷೆಯನ್ನು 2006ರಲ್ಲಿ ಮೊದಲು ಶುರುಮಾಡಿದ್ದು ಈ ರಾಜ್ಯವೇ. ಹಂಟರ್ ಹೋದ ಮರುವರ್ಷ. ನಮ್ಮ ಫಲಿತಾಂಶ ಬಂದಿದೆ, ಯಾವ ತೊಂದರೆಯೂ ಇಲ್ಲ. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಮಾತಾಡದೆ ಎಣ್ಣೆ ಬಿಸಿಮಾಡಿ ತಂದು, ಆ ಹಿಮ್ಮಡಿಯನ್ನು ಬಹಳ ಹೊತ್ತು ತಿಕ್ಕಿದಳು.

ಅಂದೇ ಅವಳು ನಿಮ್ಮ ವಾಲಿಬಾಲಿನ ಕಥೆಯನ್ನೂ ಹೊರತೆಗೆದಳು. ಹಜಾರದ ಫೋಟೊದಲ್ಲಿ ನಿಮ್ಮ ತಂಡವಿದೆ, ಗೆದ್ದ ಕಪ್ ಇಲ್ಲ. ಏಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಫೈನಲ್ಲಿನ ಕೊನೆಯ ಚೆಂಡನ್ನು ನೀವು ಚೆನ್ನಾಗಿಯೇ ಎತ್ತಿಕೊಟ್ಟಿರಂತೆ, ಹೊಡೆದವರು ನೆಟ್ಟಿಗೆ ಹೊಡೆದರಂತೆ. ಊರವರು ವರ್ಷಗಟ್ಟಲೆ ನಿಮ್ಮನ್ನೇ ಅಂದರೂ ನೀವು ಅವರ ಹೆಸರು ಎತ್ತಲಿಲ್ಲವಂತೆ. ಆ ರಾತ್ರಿ ಅವರನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಮನೆಗೆ ಬಿಟ್ಟು ಬಂದಿರಂತೆ. ನಿಜವೇ? ಅವರು ಫೋಟೊದಲ್ಲಿ ಎಡದಿಂದ ಎಷ್ಟನೆಯವರು?

ಫೋನಿನಲ್ಲಿ ಕೇಳಿದರೆ ‘ಹೂಂ’ ಎನ್ನುತ್ತೀರಿ, ಬರೆದು ತಿಳಿಸಿ. ಅಡಿಕೆ ಒಣಗಿಸುವ ನೆಪದಲ್ಲಿ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಮ್ಮ ಮಾರ್ಚ್ ಕೊನೆಗೆ ಹೊರಡುತ್ತಾಳೆ, ಅಲ್ಲಿಯವರೆಗೆ ಹಿತ್ತಲಿನ ಬಸಳೆಗೆ ನೀರು ಹಾಕಬೇಕಂತೆ. ಮಗು ಎದ್ದಿತು.

ನಿಮ್ಮ ಪ್ರೀತಿಯ ಮಗಳು