ಮಾತ್ರೆಗೆ ದುಡ್ಡು ಬೇಡ, ಚಪ್ಪಲಿಗೆ ಬೇಕು

ಆತ್ಮೀಯರೇ, ನಮಸ್ಕಾರ.

ನಮ್ಮ ಟ್ರಸ್ಟಿನ ಚರ್ಮರೋಗ ಕ್ಲಿನಿಕ್ ನಡೆಯುವುದು ವಾರಕ್ಕೊಂದೇ ದಿನ, ಗುರುವಾರ. ಅವತ್ತು ಹನ್ನೊಂದು ಗಂಟೆಗೆ ಎದುರಿನ ಹೋಟೆಲ್‌ನಿಂದ ಚಹಾ ಬರುತ್ತದೆ. ಹೋದ ವರ್ಷ ಒಂದು ಗುರುವಾರ ಚಹಾ ತಂದವನು ಹೊಸ ಹುಡುಗ. ಟ್ರೇ ಇರಲಿಲ್ಲ. ಎರಡು ಸ್ಟೀಲ್ ಲೋಟಗಳನ್ನು ಎಡಗೈಯಲ್ಲೇ ಒತ್ತಿ ಹಿಡಿದುಕೊಂಡು ಬಂದ. ಅವನು ಇಟ್ಟ ಲೋಟಕ್ಕೆ ನಾನು ಕೈ ಹಾಕಿದವನು ತಕ್ಷಣ ಹಿಂದಕ್ಕೆ ತೆಗೆದೆ. ಅಷ್ಟು ಬಿಸಿ.

ನಮ್ಮ ನರ್ಸ್ ಅಕ್ಕ ನನ್ನ ಬೆರಳು ನೋಡಲಿಲ್ಲ, ಹುಡುಗನ ಬೆರಳು ನೋಡಿದರು. "ಸುಡವಲ್ದೇನೋ ತಮ್ಮಾ?"

"ಇಲ್ರೀ ಅಕ್ಕಾರ. ಈ ಕೈ ಮೊದ್ಲಿಂದ ಹಂಗ ಐತ್ರೀ."

ಅವನನ್ನು ಕೂರಿಸಿ ತೋಳು ಮಡಚಿಸಿ ನೋಡಿದರು. ಮುಂಗೈ ಮೇಲೆ ಅಂಗೈಯಗಲದ ಒಂದು ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಬಣ್ಣ, ಕೂದಲಿಲ್ಲ, ಬೆವರಿಲ್ಲ. ಮೊಣಕೈ ಬಾಗಿಲಿಗೆ ತಗುಲಿದಾಗ ಕೈಯೆಲ್ಲಾ ಜುಮ್ ಅನ್ನುತ್ತದಲ್ಲ, ಆ ನರ ಅವನಿಗೆ ಹಗ್ಗದ ಹಾಗೆ ದಪ್ಪಗಾಗಿ ಕೈಗೆ ಸಿಗುತ್ತಿತ್ತು. ಕಿರುಬೆರಳು ಮತ್ತು ಉಂಗುರದ ಬೆರಳು ಆಗಲೇ ಸ್ವಲ್ಪ ಬಾಗಿದ್ದವು. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿ "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸು" ಅಂದರು. ಮಚ್ಚೆಯ ಹೊರಗೆ ಸರಿಯಾಗಿ ತೋರಿಸಿದ. ಮಚ್ಚೆಯೊಳಗೆ ಮುಟ್ಟಿದಾಗ ಸುಮ್ನೆ ಕೂತಿದ್ದ, ಇನ್ನೂ ಮುಟ್ಟೇ ಇಲ್ಲ ಅನ್ನುವ ಹಾಗೆ.

ಕುಷ್ಠರೋಗ. ಹಳಬರು 'ದೊಡ್ಡ ರೋಗ' ಅಂತ ದನಿ ತಗ್ಗಿಸಿ ಹೇಳುವುದು ಇದನ್ನೇ. ಇದು ಈಗ ಎಲ್ಲಿದೆ ಸ್ವಾಮಿ, ಹೋಗೇಬಿಟ್ಟಿತಲ್ಲ ಅಂತ ದೇಣಿಗೆ ಕೇಳೋಕೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಅವರ ತಪ್ಪಲ್ಲ. 2005ರ ಕೊನೆಯಲ್ಲಿ ಭಾರತ 'ನಿರ್ಮೂಲನೆ' ಸಾಧಿಸಿತು ಅಂತ ಘೋಷಣೆ ಆಯಿತು. ಅದರ ಅರ್ಥ 10,000 ಜನರಲ್ಲಿ ಚಿಕಿತ್ಸೆಯಲ್ಲಿರುವವರು ಒಬ್ಬರಿಗಿಂತ ಕಡಿಮೆ ಅಂತ ಅಷ್ಟೇ. ಇವತ್ತಿಗೂ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಯವರೇ. 'ನಿರ್ಮೂಲನೆ' ಅನ್ನೋ ಆ ಒಂದು ಪದದಿಂದ ನಮ್ಮಂಥ ಕ್ಲಿನಿಕ್ಕುಗಳಿಗೆ ಆದ ನಷ್ಟ ಸಣ್ಣದಲ್ಲ. ಹೊಸ ಡಾಕ್ಟರುಗಳು ಈ ರೋಗವನ್ನು ನೆನಪಿಸಿಕೊಳ್ಳುವುದನ್ನೇ ಬಿಟ್ಟರು, ದಾನಿಗಳೂ ಬಿಟ್ಟರು.

ರೋಗದ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ, ದುಡ್ಡಿನ ಲೆಕ್ಕ ಆಮೇಲೆ. ಇದು ಶಾಪವಲ್ಲ, ವಂಶದಿಂದ ಬರುವುದಲ್ಲ. ನಾರ್ವೆಯ ಡಾಕ್ಟರ್ ಹ್ಯಾನ್ಸನ್ 1873ರಲ್ಲೇ ಇದರ ರೋಗಾಣುವನ್ನು ಕಂಡುಹಿಡಿದರು. ಕ್ಷಯದ ರೋಗಾಣುವಿನ ದಾಯಾದಿ, ಆದರೆ ಮಹಾ ಸೋಮಾರಿ. ಒಂದು ಎರಡಾಗಲು ಎರಡು ವಾರದ ಹತ್ತಿರ ಬೇಕು. ಹಾಗಾಗಿ ಮೈಯೊಳಗೆ ಹೊಕ್ಕ ಮೇಲೆ ಮಚ್ಚೆ ಕಾಣಲು ಸಾಮಾನ್ಯವಾಗಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ. ಇದಕ್ಕೆ ಮೈಯ ತಂಪು ಜಾಗ ಇಷ್ಟ. ಅದಕ್ಕೇ ಚರ್ಮ, ಮೂಗು, ಕಿವಿಯ ಹಾಲೆ, ಚರ್ಮದ ಕೆಳಗೇ ಹಾದುಹೋಗುವ ನರ ಹಿಡಿಯುತ್ತದೆ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹಳ ಕಾಲ ಹತ್ತಿರದಲ್ಲಿದ್ದರೆ ಮೂಗು ಬಾಯಿಯ ಹನಿಗಳಿಂದ ಹರಡುತ್ತದೆ. ಕೈ ಕುಲುಕಿದರೆ, ಪಕ್ಕದಲ್ಲಿ ಕೂತು ಉಂಡರೆ ಬರಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ಮೈಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಕುಷ್ಠ ಇರುವುದಿಲ್ಲ ಅನ್ನೋದನ್ನೂ ಹೇಳಬೇಕು. ಹುಳುಕಡ್ಡಿ, ಕಜ್ಜಿ, ಇಸುಬು, ಚಿಬ್ಬು, ತೊನ್ನು, ಇವೇ ಜಾಸ್ತಿ. ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿರುತ್ತದೆ, ಮುಟ್ಟಿದರೆ ಚೆನ್ನಾಗಿ ಗೊತ್ತಾಗುತ್ತದೆ, ಯಾರಿಗೂ ಅಂಟಲ್ಲ. ಕುಷ್ಠದ ಮಚ್ಚೆ ಪೂರ್ತಿ ಬಿಳಿಯಾಗುವುದಿಲ್ಲ, ತಿಳಿ ಬಣ್ಣ ಇಲ್ಲವೇ ಕೆಂಪು ಛಾಯೆ. ಮುಖ್ಯ ವಿಷಯ ಅಂದರೆ ಅದು ಸಾಮಾನ್ಯವಾಗಿ ತುರಿಸುವುದೂ ಇಲ್ಲ, ನೋಯುವುದೂ ಇಲ್ಲ. ಮೋಸ ಇರುವುದು ಅಲ್ಲೇ. ತುರಿಸಿದರೆ ಮನುಷ್ಯ ಡಾಕ್ಟರ ಹತ್ತಿರ ಓಡುತ್ತಾನೆ. ಸುಮ್ನಿರುವ ಮಚ್ಚೆಗೆ ಯಾರು ಕೂಲಿ ಬಿಟ್ಟು ಬರುತ್ತಾರೆ? ಇನ್ನು ಕೆಲವರಲ್ಲಿ ಮಚ್ಚೆಯೇ ಇರಲ್ಲ. ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಕಿವಿ ದಪ್ಪಗಾಗುತ್ತದೆ, ಹುಬ್ಬಿನ ಕೂದಲು ಹೊರತುದಿಯಿಂದ ಉದುರುತ್ತದೆ. ನೋಡಿದವರು ಲಕ್ಷಣವಾಗಿ ಮೈ ತುಂಬಿಕೊಂಡಿದ್ದೀರಿ ಅನ್ನುತ್ತಾರೆ.

ಹುಳುಕಡ್ಡಿಯದು ಬೇರೆ ಕಥೆ. ಅಂಗಡಿಯಲ್ಲಿ ಕೇಳಿ ತಂದ ಟ್ಯೂಬ್ ಹಚ್ಚುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ತೊಡೆಯಲ್ಲಿದ್ದದ್ದು ಹೊಟ್ಟೆಗೆ ಬರುತ್ತದೆ. ಆಗ ಟರ್ಬಿನಾಫಿನ್ ಅಥವಾ ಇಟ್ರಾಕೊನಜೋಲ್ ಮಾತ್ರೆ ವಾರಗಟ್ಟಲೆ ಬೇಕು. ಕಜ್ಜಿಗಾದರೆ ಪರ್ಮೆಥ್ರಿನ್ ಕ್ರೀಮನ್ನು ಕತ್ತಿನಿಂದ ಕೆಳಗೆ ಪಾದದವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು, ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ. ಒಬ್ಬನಿಗೆ ಮಾತ್ರ ಹಚ್ಚಿದರೆ ಹಾಸಿಗೆಯಿಂದ ಹಾಸಿಗೆಗೆ ತಿರುಗುತ್ತಲೇ ಇರುತ್ತದೆ. ನಾವು ಹಾಸ್ಟೆಲ್ ಮಕ್ಕಳಿಗೆ ಕೊಡುವಾಗ ಇಡೀ ಹಾಸ್ಟೆಲ್‌ಗೇ ಕೊಡುತ್ತೇವೆ. ಈ ಖರ್ಚೂ ನಮ್ಮದೇ.

ಕುಷ್ಠಕ್ಕೆ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮೂರು ಔಷಧಿಗಳ ಕಟ್ಟು ಅದು: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮೈನ್. ಒಂದೇ ಔಷಧಿ ಕೊಡುತ್ತಿದ್ದರೆ ರೋಗಾಣು ಬರಬರುತ್ತಾ ಅದಕ್ಕೆ ಜಗ್ಗುವುದಿಲ್ಲ ಅಂತ ಗೊತ್ತಾದ ಮೇಲೆ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಹು ಔಷಧಿ ಚಿಕಿತ್ಸೆಯನ್ನು ಸೂಚಿಸಿತು. ದೊಡ್ಡವರಿಗೆ ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಎದುರಿಗೇ 600 ಮಿ.ಗ್ರಾಂ ರಿಫಾಂಪಿಸಿನ್ ಮತ್ತು 300 ಮಿ.ಗ್ರಾಂ ಕ್ಲೋಫಾಜಿಮೈನ್. ಮನೆಯಲ್ಲಿ ದಿನಾ 100 ಮಿ.ಗ್ರಾಂ ಡ್ಯಾಪ್ಸೋನ್, 50 ಮಿ.ಗ್ರಾಂ ಕ್ಲೋಫಾಜಿಮೈನ್. ಮಚ್ಚೆ ಐದರವರೆಗಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಅದಕ್ಕಿಂತ ಜಾಸ್ತಿ ಇದ್ದರೆ ಒಂದು ವರ್ಷ. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಆ ಮನುಷ್ಯನಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ.

ಇಷ್ಟಿದ್ದರೆ ಟ್ರಸ್ಟ್ ಯಾಕೆ ಬೇಕು ಅಲ್ವಾ? ಮಾತ್ರೆ ಕೊಡುವುದು ಸುಲಭ, ನುಂಗಿಸುವುದು ಕಷ್ಟ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ರಕ್ತ ಅಂತ ಹೆದರುತ್ತಾರೆ. ಕ್ಲೋಫಾಜಿಮೈನ್‌ನಿಂದ ಮೈ ಕಪ್ಪಾಗಿ ಒಣಗುತ್ತದೆ. ಮಗಳಿಗೆ ಗಂಡು ನೋಡುತ್ತಿದ್ದ ಒಬ್ಬ ತಾಯಿ ಮೂರನೇ ತಿಂಗಳು ಮಾತ್ರೆಗಳನ್ನೆಲ್ಲ ಹಿತ್ತಲಿಗೆ ಎಸೆದಿದ್ದಳು. "ರೋಗ ಹೋಗ್ಲಿ ಬಿಡ್ಲಿ, ಬಣ್ಣ ಹೋತಲ್ರೀ" ಅಂದಳು. ಮಾತ್ರೆ ಮುಗಿದ ಮೇಲೆ ಕೆಲವು ತಿಂಗಳಲ್ಲಿ ಬಣ್ಣ ತಿರುಗಿ ಬರುತ್ತದೆ ಅಂತ ಅವಳಿಗೆ ನಂಬಿಸಲು ನಮ್ಮ ಕಾರ್ಯಕರ್ತೆ ಏಳು ಸಲ ಆ ಮನೆಗೆ ಹೋದರು. ಬಸ್ಸಿಲ್ಲದ ಊರು. ಡ್ಯಾಪ್ಸೋನ್ ಕೆಲವರಲ್ಲಿ ರಕ್ತ ಕಡಿಮೆ ಮಾಡುತ್ತದೆ. ಅಪರೂಪಕ್ಕೆ ಮೊದಲ ಆರು ವಾರದೊಳಗೆ ಜ್ವರ, ಮೈತುಂಬ ಗಂಧೆ, ಕಾಮಾಲೆ ಬರಬಹುದು. ಆಗ ಅದನ್ನು ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಬರಬೇಕು. ಇದನ್ನೆಲ್ಲ ಮೊದಲ ದಿನವೇ ಕೂತು ಹೇಳುವವರು ಬೇಕು.

ಇದಕ್ಕಿಂತ ದೊಡ್ಡ ತಲೆನೋವು 'ರಿಯಾಕ್ಷನ್'. ಚಿಕಿತ್ಸೆ ನಡೆಯುತ್ತಿರುವಾಗಲೇ, ಮುಗಿದ ಮೇಲೂ, ಒಮ್ಮೆಗೇ ಮಚ್ಚೆಗಳು ಕೆಂಪಗೆ ಊದಿಕೊಳ್ಳುತ್ತವೆ, ನರ ನೋಯುತ್ತದೆ, ಒಂದು ಬೆಳಗ್ಗೆ ಎದ್ದರೆ ಪಾದ ಮೇಲಕ್ಕೆತ್ತಲು ಆಗಲ್ಲ. ಕೆಲವರಿಗೆ ಜ್ವರದ ಜೊತೆ ಮೈಮೇಲೆ ನೋಯುವ ಗಂಟು. ಔಷಧಿ ಮೈಗೆ ಒಗ್ಗಲಿಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ನಿಜವಾಗಿ ಅದು ಮೈಯೇ ರೋಗಾಣುವಿನ ಮೇಲೆ ತಿರುಗಿಬಿದ್ದಾಗ ಆಗುವ ಗಲಾಟೆ, ಮಧ್ಯೆ ನರ ಸಿಕ್ಕಿಕೊಂಡಿರುತ್ತದೆ. ಮೂರು ಔಷಧಿ ನಿಲ್ಲಿಸಬಾರದು. ಜೊತೆಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟು, ಹಂತ ಹಂತವಾಗಿ ಕಡಿಮೆ ಮಾಡುತ್ತಾ ತಿಂಗಳುಗಟ್ಟಲೆ ನೋಡಬೇಕು. ನರ ಕೆಟ್ಟು ಆರು ತಿಂಗಳೊಳಗೆ ಬಂದರೆ ಬಹಳಷ್ಟು ಜನರಲ್ಲಿ ಶಕ್ತಿ ತಿರುಗಿ ಬರುತ್ತದೆ. ಚಹಾದ ಹುಡುಗ ಆ ಲೆಕ್ಕದಲ್ಲಿ ಪುಣ್ಯವಂತ. ಬೆರಳು ಬಾಗಲು ಶುರುವಾಗಿ ಎರಡೇ ತಿಂಗಳಾಗಿತ್ತು. ಈಗ ಕಿರುಬೆರಳು ಮುಕ್ಕಾಲು ಪಾಲು ನೆಟ್ಟಗಿದೆ. ಚಹಾ ಟ್ರೇಯಲ್ಲಿ ತರುತ್ತಾನೆ. ಟ್ರೇ ನಾವೇ ಕೊಡಿಸಿದ್ದು.

ಎಲ್ಲರಿಗೂ ಹಾಗಾಗಲ್ಲ. ನಮ್ಮ ಕಡೆಯ ಒಬ್ಬ ಗಾರೆ ಕೆಲಸದವರು ಗುಳೆ ಹೋದ ಊರಿನಲ್ಲಿ ಎರಡು ವರ್ಷ ನರದ ನಿಶ್ಶಕ್ತಿ ಅಂತ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಅಲ್ಲಿ ಯಾರೂ ಅವರ ಅಂಗಿ ಬಿಚ್ಚಿಸಿ ಬೆನ್ನು ನೋಡಿರಲಿಲ್ಲ. ಬೆನ್ನ ತುಂಬ ಮಚ್ಚೆ. ರೋಗಾಣು ಈಗ ಸತ್ತಿದೆ, ಅಂಗಾಲಿನ ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ.

ಈಗ ಚಪ್ಪಲಿ ವಿಷಯ. ಕುಷ್ಠದಿಂದ ಬೆರಳು ಉದುರುತ್ತದೆ ಅನ್ನೋದು ಸುಳ್ಳು. ಮುಳ್ಳು ಚುಚ್ಚಿದ್ದು ಗೊತ್ತಾಗಲ್ಲ. ಚಪ್ಪಲಿಯ ಮೊಳೆ ಮೇಲೆದ್ದಿದ್ದು ಗೊತ್ತಾಗಲ್ಲ. ರಾತ್ರಿ ಇಲಿ ಕಚ್ಚಿದ್ದೂ ಗೊತ್ತಾಗಲ್ಲ. ಗಾಯದ ಮೇಲೇ ನಡೆಯುತ್ತಾರೆ, ಹುಣ್ಣಾಗುತ್ತದೆ, ಹುಣ್ಣು ಎಲುಬಿಗೆ ಇಳಿದು ಬೆರಳು ಸವೆದುಹೋಗುತ್ತದೆ. ಇದನ್ನು ತಡೆಯಲು ದೊಡ್ಡ ಯಂತ್ರ ಬೇಡ. ದಿನಾ ಅರ್ಧ ಗಂಟೆ ನೀರಲ್ಲಿ ಕಾಲಿಟ್ಟು, ದಡ್ಡುಗಟ್ಟಿದ ಚರ್ಮ ಉಜ್ಜಿ, ಎಣ್ಣೆ ಹಚ್ಚಬೇಕು. ಮತ್ತೆ ಎಂ.ಸಿ.ಆರ್. ಚಪ್ಪಲಿ ಹಾಕಬೇಕು. ಎಂ.ಸಿ.ಆರ್. ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆಯ ರಬ್ಬರ್. ಮೇಲೆ ಮೆತ್ತಗೆ, ಕೆಳಗೆ ಮುಳ್ಳು ತೂರದ ಗಟ್ಟಿ ತಳ, ಹಿಂದೆ ಪಟ್ಟಿ. ಮೊಳೆ ಹೊಡೆಯುವ ಹಾಗಿಲ್ಲ, ಅಂಟಿಸಿ ಹೊಲಿಯಬೇಕು. ಸರ್ಕಾರದಿಂದಲೂ ಈ ಚಪ್ಪಲಿ ಬರುತ್ತದೆ, ನಾವು ತರಿಸಿ ಹಂಚುತ್ತೇವೆ. ಆದರೆ ಪಾದದ ಆಕಾರವೇ ಕೆಟ್ಟವರಿಗೆ ಅಳತೆ ತೆಗೆದೇ ಮಾಡಿಸಬೇಕು.

ಅಂಥವರು ನಮ್ಮಲ್ಲಿ 64 ಜನ. ಒಬ್ಬರಿಗೆ ವರ್ಷಕ್ಕೆ ಎರಡು ಜೊತೆ, ಜೊತೆಯೊಂದಕ್ಕೆ 600 ರೂಪಾಯಿ, ಒಟ್ಟು 76,800 ರೂಪಾಯಿ. ಬ್ಯಾಂಡೇಜ್, ಕಣ್ಣಿನ ಹನಿ, ಹಾಸ್ಟೆಲ್‌ಗಳ ಕ್ರೀಮ್, ರೋಗಿಗಳ ಬಸ್ ಚಾರ್ಜು, ಕಾರ್ಯಕರ್ತೆಯ ಸಂಬಳ ಇದರ ಹೊರಗೆ. ನಾವು ಒಟ್ಟು ಕೇಳುತ್ತಿರುವುದು 3 ಲಕ್ಷ. ಚಪ್ಪಲಿಗೆ ಅಂತ ಕೊಟ್ಟದ್ದು ಚಪ್ಪಲಿಗೇ ಹೋಗುತ್ತದೆ. 'ಏನಕ್ಕಾದರೂ ಬಳಸಿ' ಅಂತ ಕೊಟ್ಟರೆ ನಮಗೆ ಇನ್ನೂ ಖುಷಿ, ಯಾಕಂದರೆ ಬಸ್ ಚಾರ್ಜಿಗೆ ಅಂತ ಯಾರೂ ದೇಣಿಗೆ ಕೊಡುವುದಿಲ್ಲ.

ರಸೀದಿ ಮತ್ತು ತೆರಿಗೆ ರಿಯಾಯಿತಿಯ ಪ್ರಮಾಣಪತ್ರ ಕೊಡುತ್ತೇವೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ತೆರಿಗೆ ರಿಯಾಯಿತಿ ಸಿಗಲ್ಲ, ಹಾಗಾಗಿ ಬ್ಯಾಂಕಿಗೇ ಹಾಕಿ. ಹೊರದೇಶದಲ್ಲಿರುವ ಕನ್ನಡಿಗರು ಕೇಳುತ್ತಿರುತ್ತಾರೆ. ನಿಮ್ಮ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ ನಿಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ ನಾವು ತಗೊಳ್ಳುವ ಹಾಗಿಲ್ಲ, ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಖಾತೆಯ ವಿವರ ಮನವಿಯ ಜೊತೆಗಿಟ್ಟ ಚೀಟಿಯಲ್ಲಿದೆ.

ದುಡ್ಡು ಕೊಡಲಾಗದವರು ಒಂದು ಕೆಲಸ ಮಾಡಿ. ಮನೆಯವರ ಬೆನ್ನು, ತೋಳು, ತೊಡೆ ಒಮ್ಮೆ ಬೆಳಕಿನಲ್ಲಿ ನೋಡಿ. ತುರಿಸದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ನಾಗಪ್ಪನಿಗೆ ಹಾಲೆರೆಯುವವರು ಎರೆಯಲಿ, ನಾವು ಬೇಡ ಅನ್ನಲ್ಲ. ಮಾತ್ರೆಯನ್ನೂ ನುಂಗಲಿ. ಕುಷ್ಠ ಬಂದವರನ್ನು ಬೇರೆ ಮಾಡಿ ಇಡಬಹುದಾಗಿದ್ದ 1898ರ ಕಾನೂನು 2016ರಲ್ಲಿ ಹೋಯಿತು. ಕುಷ್ಠದ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವೂ 2019ರಲ್ಲಿ ಹೋಯಿತು. ಬಾಡಿಗೆ ಮನೆ ಕೇಳಲು ಹೋದಾಗ ಮಾತ್ರ ಇವು ಯಾವುದೂ ನೆರವಿಗೆ ಬರುವುದಿಲ್ಲ.

ಜನವರಿ 30 ಕುಷ್ಠರೋಗ ವಿರೋಧಿ ದಿನ. ಆ ನೆಪದಲ್ಲಿ ಈ ಪತ್ರ ಬರೆಯುತ್ತಿದ್ದೇನೆ, ಆದರೆ ನಮ್ಮ ನಿಜವಾದ ಗಡುವು ಹೋಳಿ ಹುಣ್ಣಿಮೆ. ಅದಾದ ಮೇಲೆ ನಮ್ಮ ಕಡೆ ಟಾರು ರಸ್ತೆ ಕಾದ ಹಂಚು. ಸ್ಪರ್ಶವಿಲ್ಲದ ಅಂಗಾಲಿಗೆ ಅದು ತಿಳಿಯುವುದು ಗುಳ್ಳೆ ಎದ್ದ ಮೇಲೆ, ಅದೂ ಕಣ್ಣಿಗೆ.

ಅಳತೆ ತೆಗೆಯುವ ಕೆಲಸ ಮುಗಿದಿದೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಒಬ್ಬೊಬ್ಬರನ್ನೂ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದಿದ್ದೇವೆ. ಕೆಲವು ಗೆರೆಗಳಲ್ಲಿ ಐದು ಬೆರಳಿವೆ, ಕೆಲವುಗಳಲ್ಲಿ ಎರಡು, ಒಂದು ಹಾಳೆಯಲ್ಲಿ ಬರೀ ದುಂಡನೆ ಗೆರೆ. 64 ಜನರ ಹಾಳೆಗಳನ್ನೂ ನಮ್ಮ ಚಪ್ಪಲಿ ಹೊಲಿಯುವ ಅಣ್ಣ ಅಂಗಡಿಯ ಗೋಡೆಗೆ ತೂಗುಹಾಕಿಕೊಂಡಿದ್ದಾರೆ. ರಬ್ಬರ್ ಶೀಟಿಗೆ ಮುಂಗಡ ಕೊಡಬೇಕಾಗಿದೆ.