ಯುಜಿಡಿ ಪೈಪು ರಸ್ತೆಯಲ್ಲಿ, ಗುಂಡಿ ನಮ್ಮ ಹಿತ್ತಿಲಲ್ಲಿ

ಮಾನ್ಯ ಸಂಪಾದಕರೇ,

ಕರಾವಳಿಯ ನಮ್ಮ ಪುಟ್ಟ ಪೇಟೆಯಲ್ಲಿ ಒಳಚರಂಡಿ (ಯುಜಿಡಿ) ಕೆಲಸ ಮತ್ತೆ ಶುರುವಾಗುತ್ತದಂತೆ. ಅಂತೂ ಇಂತೂ ಬಂತಲ್ಲ ಅಂತ ಖುಷಿಯೇ. ಆದರೆ ವಾರ್ಡ್ ಸಭೆಯಲ್ಲಿ ನಡೆದ ಮಾತು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ಎಷ್ಟು ಕಿಲೋಮೀಟರ್ ಪೈಪು, ಎಷ್ಟು ಮ್ಯಾನ್‌ಹೋಲ್, ಮೊನ್ನೆ ಮೊನ್ನೆ ಹಾಕಿದ ಕಾಂಕ್ರೀಟ್ ರಸ್ತೆ ಕತ್ತರಿಸಿದರೆ ಮತ್ತೆ ಮುಚ್ಚುವವರು ಯಾರು, ಇಷ್ಟೇ ಚರ್ಚೆ. ಮನೆಯ ಕಕ್ಕಸಿನಿಂದ ಆ ಮ್ಯಾನ್‌ಹೋಲ್‌ವರೆಗೆ ಪೈಪು ಎಳೆಯುವವರು ಯಾರು ಅಂತ ಒಬ್ಬರು ಕೇಳಿದರು. "ಅದು ಮನೆಯವರಿಗೆ ಬಿಟ್ಟದ್ದು" ಅಂತ ಉತ್ತರ ಬಂತು, ಮುಂದಿನ ವಿಷಯಕ್ಕೆ ಹೋದರು. ನನ್ನ ತಕರಾರು ಇರುವುದೇ ಆ ಉತ್ತರದ ಮೇಲೆ.

ನಮ್ಮ ಕಡೆಯ ಮನೆಗಳು ಹೇಗಿವೆ ನೋಡಿ. ಜಗಲಿ, ಅಂಗಳ ರಸ್ತೆ ಕಡೆ. ಬಚ್ಚಲು, ಕಕ್ಕಸು ಹಿತ್ತಿಲ ಕಡೆ. ಸೆಪ್ಟಿಕ್ ಟ್ಯಾಂಕು ಇನ್ನೂ ಹಿಂದೆ, ತೆಂಗಿನಮರದ ಬುಡದಲ್ಲಿ. ಮನೆಯ ಪೈಪೆಲ್ಲ ಹಿಂದಕ್ಕೆ ಇಳಿಜಾರು. ಯುಜಿಡಿ ಲೈನು ಹಾಕುವುದು ಮಾತ್ರ ಮುಂದಿನ ರಸ್ತೆಯಲ್ಲಿ. ಅಂದರೆ ಕೊಳಚೆಯನ್ನು ಮನೆ ಸುತ್ತಿಸಿ, ಅಂಗಳದ ಇಂಟರ್‌ಲಾಕ್ ಕಿತ್ತು, ಕಾಂಪೌಂಡ್ ಅಡಿಯಲ್ಲಿ ತೂರಿಸಿ ಮುಂದಕ್ಕೆ ತರಬೇಕು. ನಾಲ್ಕಿಂಚಿನ ಪೈಪಿಗೆ 60 ಅಡಿ ಉದ್ದಕ್ಕೆ ಕಡಿಮೆ ಅಂದರೂ ಒಂದಡಿ ಇಳಿಜಾರು ಬೇಕು, ಇಲ್ಲದಿದ್ದರೆ ನೀರು ಹೋಗುತ್ತದೆ, ಉಳಿದದ್ದು ಅಲ್ಲೇ ಕೂರುತ್ತದೆ. ಇನ್ನು ರಸ್ತೆಯ ಕಥೆ ಬೇರೆ. ಹಳೇ ಡಾಂಬರು ಕೀಳದೆ ಅದರ ಮೇಲೆಯೇ ಮತ್ತೆ ಮತ್ತೆ ಹಾಕಿ, ಕೊನೆಗೆ ಅದರ ಮೇಲೆ ಕಾಂಕ್ರೀಟೂ ಸುರಿದು, ಈಗ ಎಷ್ಟೋ ಮನೆಗಳ ಅಂಗಳ ರಸ್ತೆಗಿಂತ ಎರಡಡಿ ತಗ್ಗಿನಲ್ಲಿದೆ. ಬಾಗಿಲು ತೆಗೆದರೆ ಸ್ಕೂಟರಿನ ಚಕ್ರ ಕಣ್ಣೆದುರಿಗೇ ಕಾಣುತ್ತದೆ. ಮ್ಯಾನ್‌ಹೋಲನ್ನು ಸಾಕಷ್ಟು ಆಳಕ್ಕೆ ಇಳಿಸದಿದ್ದರೆ ಇಂಥ ಮನೆಯ ಕೊಳಚೆ ಮೇಲಕ್ಕೆ ಹತ್ತುತ್ತದಾ?

ಇದನ್ನೆಲ್ಲ "ಮನೆಯವರಿಗೆ" ಬಿಟ್ಟರೆ ಮನೆಯವರು ಏನು ಮಾಡುತ್ತಾರೆ? ಪ್ಲಂಬರನ್ನು ಕರೆಸಿ ರೇಟು ಕೇಳುತ್ತಾರೆ, ಹತ್ತಾರು ಸಾವಿರ ಅಂದ ಕೂಡಲೇ ಸುಮ್ಮನಾಗುತ್ತಾರೆ. ಬಾಡಿಗೆ ಮನೆಯಾದರೆ ಬಾಡಿಗೆಯವರು ಓನರ್ ಕಡೆ ಕೈ ತೋರಿಸುತ್ತಾರೆ, ಓನರ್ ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಕೋಟಿಗಟ್ಟಲೆ ಸುರಿದು ಹಾಕಿದ ಪೈಪಿನಲ್ಲಿ ಮರಳು ತುಂಬುತ್ತದೆ. ಶುದ್ಧೀಕರಣ ಘಟಕಕ್ಕೂ ಕೊಳಚೆ ಸಾಲದು. ಅಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಊಟ ಸಿಕ್ಕಿದರೆ ತಾನೇ ಘಟಕ ನಡೆಯುವುದು!

"ನಮ್ಮ ಟ್ಯಾಂಕು ಚೆನ್ನಾಗೇ ಇದೆ, ಇಪ್ಪತ್ತು ವರ್ಷದಿಂದ ಒಮ್ಮೆಯೂ ತೆಗೆಸಿಲ್ಲ, ಯುಜಿಡಿ ಯಾಕೆ?" ಅಂತ ಹೆಮ್ಮೆಯಿಂದ ಹೇಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಇಪ್ಪತ್ತು ವರ್ಷವಾದರೂ ತುಂಬಲಿಲ್ಲ ಅಂದರೆ ಅದು ಟ್ಯಾಂಕೇ ಅಲ್ಲ ಸ್ವಾಮಿ, ತಳವಿಲ್ಲದ ಗುಂಡಿ. ಕೆಳಗೆ ಸಿಮೆಂಟ್ ಹಾಕದೆ ರಿಂಗು ಇಳಿಸಿ ಮೇಲೆ ಚಪ್ಪಡಿ ಮುಚ್ಚಿರುತ್ತಾರೆ, ಅಷ್ಟೇ. ಹೋದದ್ದೆಲ್ಲ ಎಲ್ಲಿಗೆ ಹೋಯಿತು? ನಮ್ಮದು ಜಂಬಿಟ್ಟಿಗೆ ನೆಲ. ಮೈಯೆಲ್ಲ ತೂತು. ಮಣ್ಣಿನಲ್ಲಿ ನಿಧಾನವಾಗಿ ಸೋಸಿ ಇಳಿಯಬೇಕಾದ ನೀರು ಇಲ್ಲಿ ಸರಸರ ಹರಿದು ಬಾವಿ ಸೇರುತ್ತದೆ. ಮಳೆಗಾಲದಲ್ಲಂತೂ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಅಂದರೆ ಪಕ್ಕದ ಗುಂಡಿಯೂ ಅದೇ ನೀರಿನಲ್ಲಿ ಮುಳುಗಿರುತ್ತದೆ ಅಂತ ಲೆಕ್ಕ.

ಬಾವಿಗೂ ಇಂಗುಗುಂಡಿಗೂ ಮಧ್ಯೆ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಇರಬೇಕು ಅಂತ ಭಾರತೀಯ ಮಾನಕ ಹೇಳುತ್ತದೆ. ಈಗ ಲೆಕ್ಕ ಹಾಕಿ. ಐದು ಸೆಂಟ್ಸ್ ಜಾಗ ಅಂದರೆ ಸುಮಾರು 2,180 ಚದರ ಅಡಿ. ಪೂರ್ತಿ ಚೌಕವಾಗಿದೆ ಅಂದುಕೊಂಡರೂ ಒಂದು ಬದಿ 47 ಅಡಿ. ಮನೆ ಕಟ್ಟಿ, ಬಾವಿ ತೋಡಿ, ಗುಂಡಿಯನ್ನು 60 ಅಡಿ ದೂರ ಎಲ್ಲಿಡುತ್ತೀರಿ? ನಿಮ್ಮ ಗುಂಡಿಯನ್ನು ಹೇಗೋ ಮೂಲೆಗೆ ತಳ್ಳಿದಿರಿ ಅಂತಲೇ ಇಟ್ಟುಕೊಳ್ಳಿ, ಆ ಮೂಲೆಯ ಆಚೆ ಪಕ್ಕದ ಮನೆಯವರ ಬಾವಿ ಇರುತ್ತದೆ. ಕುದಿಸಿ ಕುಡಿದರಾಯಿತು ಅನ್ನುವವರಿಗೂ ಒಂದು ಮಾತು. ಕುದಿಸಿದರೆ ರೋಗಾಣು ಸಾಯುತ್ತದೆ, ಮಲಮೂತ್ರದಿಂದ ನೀರಿಗೆ ಸೇರುವ ನೈಟ್ರೇಟ್ ಅನ್ನುವ ಲವಣ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನಿಮ್ಮ ಬಾವಿಯಲ್ಲಿ ಎಷ್ಟಿದೆ? ಸುಮ್ನೆ ಒಮ್ಮೆ ಮಳೆಗಾಲದಲ್ಲಿ ಟೆಸ್ಟ್ ಮಾಡಿಸಿ ನೋಡಿ.

ಟ್ಯಾಂಕು ತೆಗೆಸುವವರದ್ದೂ ಬೇರೆ ಪಾಡು. ಸಕ್ಕಿಂಗ್ ಗಾಡಿ ಬರುತ್ತದೆ, ಎಳೆದುಕೊಂಡು ಹೋಗುತ್ತದೆ. ಎಲ್ಲಿ ಸುರಿಯುತ್ತದೆ ಅಂತ ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೆಂದೇ ಒಂದು ಸಣ್ಣ ಘಟಕ ಮಾಡಿದರು. ಊರಿನ ಗುಂಡಿಗಳಿಂದ ಗಾಡಿ ತಂದ ಮಲವನ್ನು ಸಂಸ್ಕರಿಸುವುದೇ ಅದರ ಕೆಲಸ, ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಯುಜಿಡಿ ಮುಗಿಯುವುದಕ್ಕೆ ವರ್ಷಗಳು ಬೇಕು, ಅಲ್ಲಿಯವರೆಗೆ ನಮಗೂ ಅಂಥದ್ದೊಂದು ಬೇಡವಾ?

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಜನ ಕೊಡುವುದಿಲ್ಲ ಅನ್ನುವುದು ಪೂರ್ತಿ ಸುಳ್ಳು. ಚೆನ್ನೈ ಪಕ್ಕದ ಆಲಂದೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಒಳಚರಂಡಿಯೇ ಇರಲಿಲ್ಲ, ಎಲ್ಲರ ಮನೆಯಲ್ಲೂ ಸೆಪ್ಟಿಕ್ ಟ್ಯಾಂಕು. ಆಗಿನ ಪುರಸಭೆ ಅಧ್ಯಕ್ಷ ಆರ್. ಎಸ್. ಭಾರತಿ ನಿವಾಸಿಗಳ ಸಂಘಗಳನ್ನು ಕೂರಿಸಿಕೊಂಡು ಮಾತಾಡಿದರು. ಮನೆಗೆ 5,000 ರೂಪಾಯಿಯಂತೆ ಜನರೇ ಠೇವಣಿ ಕಟ್ಟಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ. ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಅಂತ ಗೊತ್ತಾದರೆ ಜನ ಕೊಡುತ್ತಾರೆ. ನಮ್ಮಲ್ಲಿ ಅದನ್ನು ಹೇಳುವವರೇ ಇಲ್ಲ. ಮನೆ ಸಂಪರ್ಕವನ್ನೂ ಟೆಂಡರಿನಲ್ಲೇ ಸೇರಿಸಿ, ಖರ್ಚನ್ನು ಕಂತಿನಲ್ಲಿ ಮನೆ ತೆರಿಗೆ ಜೊತೆ ವಸೂಲಿ ಮಾಡಿದರೆ ಎಷ್ಟೋ ಜನಕ್ಕೆ ಹಗುರ. ಬಿಪಿಎಲ್ ಮನೆಗಳಿಗೆ ಪೂರ್ತಿ ಉಚಿತವಾಗಿ ಮಾಡಿಕೊಡಬೇಕು. ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಗಳಿದ್ದರೆ, ಎಲ್ಲರೂ ಒಪ್ಪಿದರೆ, ಹಿಂದುಗಡೆಯೇ ಒಂದು ಸಣ್ಣ ಲೈನು ಎಳೆದು ನಾಲ್ಕೈದು ಮನೆ ಸೇರಿಸಬಹುದು. ಮನೆ ಸುತ್ತಲೂ ಅಗೆಯಬೇಕಿಲ್ಲ, ಅಂಗಳವೂ ಉಳಿಯುತ್ತದೆ.

ಸಂಪರ್ಕ ಕೊಟ್ಟ ದಿನವೇ ಹಳೇ ಟ್ಯಾಂಕನ್ನು ಖಾಲಿ ಮಾಡಿಸಿ ಮರಳೋ ಕಲ್ಲುಪುಡಿಯೋ ತುಂಬಿಸಬೇಕು. ಹಾಗೇ ಬಿಟ್ಟರೆ ಚಪ್ಪಡಿ ಲಡ್ಡಾಗಿ ಒಂದು ದಿನ ದನವೋ ಮಗುವೋ ಒಳಗೆ. ಅದಕ್ಕಿಂತ ಮುಖ್ಯ, ಒಳಗಿನ ಗ್ಯಾಸು. ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಅನ್ನುವ 2013ರ ಕಾಯ್ದೆ ಇದ್ದರೂ ಗುಂಡಿಗೆ ಇಳಿದವರು ಸಾಯುವುದು ನಿಂತಿಲ್ಲ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಯುಜಿಡಿ ಬಂದ ಕೂಡಲೇ ಇದು ತಪ್ಪುತ್ತದೆ ಅಂದುಕೊಳ್ಳಬೇಡಿ, ಮ್ಯಾನ್‌ಹೋಲಿನೊಳಗೂ ಅದೇ ಗ್ಯಾಸು. ಪೈಪಿನ ಜೊತೆಗೇ, ಜನ ಒಳಗಿಳಿಯದೆ ನೀರಿನ ರಭಸದಿಂದ ಪೈಪು ಬಿಡಿಸುವ ಜೆಟ್ಟಿಂಗ್ ಮಷಿನ್ ಖರೀದಿಸಲಿ, ಆಮೇಲೆ ನೋಡೋಣ ಅನ್ನುವುದು ಬೇಡ.

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಂಗಳದಲ್ಲಿ ನೀರು ನಿಂತಿತು ಅಂತ ಯುಜಿಡಿ ಚೇಂಬರಿನ ಮುಚ್ಚಳ ಎತ್ತಿ ಮಳೆನೀರು ಬಿಟ್ಟರೆ, ತಗ್ಗಿನ ಬೀದಿಯವರ ಬಚ್ಚಲಿನಲ್ಲಿ ಮೇಲಿನ ಬೀದಿಯವರದ್ದೆಲ್ಲ ಉಕ್ಕುತ್ತದೆ. ಮಳೆನೀರಿಗೆ ಚರಂಡಿ ಬೇರೆ, ಅದನ್ನು ಮುಟ್ಟಬಾರದು.

ಶುದ್ಧೀಕರಣ ಘಟಕ ರೆಡಿಯಾಗದೆ ಮನೆಗಳನ್ನು ಲೈನಿಗೆ ಸೇರಿಸುವುದೂ ಬೇಡ. ಶುದ್ಧೀಕರಿಸದ ಕೊಳಚೆ ಸೇರುತ್ತಿದ್ದ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಬಾವಿಗೆ ಹೋಗುತ್ತಿದ್ದದ್ದನ್ನು ಪೈಪಿನಲ್ಲಿ ಒಟ್ಟು ಮಾಡಿ ಹೊಳೆಗೆ ಬಿಟ್ಟರೆ ಮೀನುಗಾರರು ನಮ್ಮನ್ನು ಬಿಡುತ್ತಾರಾ?

ನಾನು ಕೇಳುವುದು ಇಷ್ಟೇ. ಟೆಂಡರಿಗೆ ಮೊದಲು ಪ್ರತಿ ಮನೆಗೂ ಹೋಗಿ ಕಕ್ಕಸು ಎಲ್ಲಿದೆ, ಅಂಗಳ ರಸ್ತೆಗಿಂತ ಎಷ್ಟು ತಗ್ಗು, ಬಾವಿ ಎಷ್ಟು ದೂರ ಅಂತ ಬರೆದುಕೊಳ್ಳಲಿ. ಲೈನು ಎಷ್ಟು ಆಳದಲ್ಲಿ ಬರಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಮಳೆಗಾಲ ಮುಗಿಯುವುದರೊಳಗೆ ಆ ನಕ್ಷೆಯನ್ನು ಪುರಸಭೆಯ ನೋಟಿಸ್ ಬೋರ್ಡಿಗೆ ಹಾಕಲಿ. ಆಮೇಲೆ ಅಕ್ಟೋಬರಿನಲ್ಲಿ ರಸ್ತೆ ಅಗೆಯಲಿ, ಧೂಳು ತಿನ್ನಲು ನಾವು ರೆಡಿ.

ಇಂತಿ,
ಕರಾವಳಿಯ ಒಬ್ಬ ಓದುಗ