ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ: ಘೋಷಣೆ ಸಾಕು, ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳಿ

ಮಾನ್ಯ ರಕ್ಷಣಾ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ನಡೆಸುವವನು. ವಿಮಾನಕ್ಕೆ ಬೇಕಾದ ಬ್ರಾಕೆಟ್, ಬುಶ್ ಮಾಡಿ ಒಂದು ಖಾಸಗಿ ಕಂಪನಿಗೆ ಕೊಡುತ್ತೇವೆ. ಅಲ್ಲಿಂದ ಅವು ಯುದ್ಧವಿಮಾನದ ಜೋಡಣೆಗೆ ಹೋಗುತ್ತವೆ. ನಾನು ಕೇಳುವುದು ಇಷ್ಟೇ. ಆರ್ಡರ್ ವರ್ಷವರ್ಷ ತಪ್ಪದೆ ಬರಲಿ. ದುಡ್ಡು ಹೊತ್ತಿಗೆ ಸರಿಯಾಗಿ ಸಿಗಲಿ.

ಸುದ್ದಿಗೇನೂ ಕೊರತೆಯಿಲ್ಲ. 2021ರ ಫೆಬ್ರವರಿಯಲ್ಲಿ 83 ತೇಜಸ್ ಯುದ್ಧವಿಮಾನಕ್ಕೆ ಒಪ್ಪಂದ. 2025ರ ಸೆಪ್ಟೆಂಬರ್ 25ಕ್ಕೆ ಇನ್ನೂ 97, ಬೆಲೆ 62,370 ಕೋಟಿ ರೂಪಾಯಿಗೂ ಜಾಸ್ತಿ. ಮಾರನೇ ದಿನ ಹಳೇ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ. ಟಿವಿ ನೋಡಿದ ನೆಂಟರು ಫೋನ್ ಮಾಡಿ 'ಇನ್ನು ನಿಮಗೆ ಸುಗ್ಗಿ ಬಿಡಿ' ಅಂದರು. ಎಲ್ಲಿಯ ಸುಗ್ಗಿ? ತೇಜಸ್‌ಗೆ ಬೇಕಾದ 99 ಎಂಜಿನ್‌ಗೆ 2021ರಲ್ಲಿ ಆರ್ಡರ್ ಕೊಟ್ಟರೆ, ಅಮೆರಿಕದಿಂದ ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ ಇಲ್ಲದೆ ವಿಮಾನ ತಡವಾಗಿದ್ದು ಪೇಪರಿನಲ್ಲಿ ಬಂತು. ನಮ್ಮ ಮಷಿನ್ ನಿಂತಿದ್ದು ಎಲ್ಲೂ ಬರಲಿಲ್ಲ.

ಆಗ ನಡೆದದ್ದನ್ನು ಹೇಳಲೇಬೇಕು. ಮಾಲು ರೆಡಿಯಾಗಿ, ಇನ್‌ಸ್ಪೆಕ್ಷನ್ ಮುಗಿದು, ಪ್ಯಾಕ್ ಕೂಡ ಆಗಿತ್ತು. ಕಂಪನಿಯಿಂದ ಫೋನ್ ಬಂತು. 'ಈಗ ಕಳಿಸಬೇಡಿ, ಸ್ಟೋರ್‌ನಲ್ಲಿ ಜಾಗ ಇಲ್ಲ.' ಸರಿ ಅಂತ ಶಾಪಿನಲ್ಲೇ ಇಟ್ಟುಕೊಂಡೆವು. ಮಾಲು ಹೋಗದೆ ಬಿಲ್ ಇಲ್ಲ. ಸಣ್ಣ ಸಪ್ಲೈಯರ್‌ಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ, ಆದರೆ ಅವರು ಮಾಲು ತೆಗೆದುಕೊಳ್ಳದೆ ಆ ಲೆಕ್ಕ ಶುರುವಾಗುವುದೇ ಇಲ್ಲ. ನಿಮಗೆ ಗೊತ್ತಿರುವ ವಿಚಾರವೇ ಅಲ್ವಾ? ಮೆಟೀರಿಯಲ್‌ಗೆ ಹಾಕಿದ್ದು ಬ್ಯಾಂಕಿನ ದುಡ್ಡು. ಬ್ಯಾಂಕಿನವರು ಬಡ್ಡಿ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ಕಾಯಿಸಿ ಕೊನೆಗೆ ಮಾಲು ತೆಗೆದುಕೊಂಡರು. ಬಿಲ್ ಪಾಸಾದಾಗ ನೋಡಿದರೆ ದುಡ್ಡು ಕಡಿಮೆ! ಕೇಳಿದರೆ, ಲೇಟ್ ಡೆಲಿವರಿ, ಎಲ್‌ಡಿ (ತಡವಾದದ್ದಕ್ಕೆ ಬಿಲ್ಲಿನಲ್ಲಿ ಮುರಿದುಕೊಳ್ಳುವ ದುಡ್ಡು) ಹಿಡಿದಿದ್ದೇವೆ ಅಂದರು. ಕಳಿಸಬೇಡಿ ಅಂದವರೇ ತಡವಾಯಿತು ಅಂತ ದಂಡ ಹಾಕಿದರು ಸ್ವಾಮಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಏನಿದೆ ಅಂತ ಬೇರೆ ಕೇಳಿದರು.

ಬಾಕಿ ದುಡ್ಡಿಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಿ ಅನ್ನುತ್ತೀರಿ. ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಕಂಪನಿ ಹೆಸರು ಇಲ್ಲಿ ಬರೆಯದಿರುವುದೂ ಅದಕ್ಕೇ.

ಅಷ್ಟರಲ್ಲಿ ಮಷಿನ್ ಸೆಟ್ ಮಾಡುವ ನಮ್ಮ ಸೆಟ್ಟರ್ ಕೆಲಸ ಬಿಟ್ಟು ಹೋದ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ತೆಗೆಯುತ್ತಿದ್ದ ಹುಡುಗ, ಈಗ ಕಾರು ಓಡಿಸುತ್ತಿದ್ದಾನೆ. ಸಂಬಳ ತಡವಾದರೆ ಅವನಾದರೂ ಏನು ಮಾಡುತ್ತಾನೆ? ನೀವು ಆರ್ಡರ್ ಕೊಡುವ ರೀತಿ ಹೇಗಿದೆ ಅಂದರೆ, ಬಂದರೆ ಎಲೆ ತುಂಬ ಹಬ್ಬದೂಟ, ಆಮೇಲೆ ಬರೀ ಏಕಾದಶಿ. ಕಸುಬು ಗೊತ್ತಿರುವವರು ಹೀಗೆ ಉಳಿಯುವುದಿಲ್ಲ. 1961ರಲ್ಲಿ ಇದೇ ಬೆಂಗಳೂರಿನಿಂದ ನಮ್ಮದೇ ಮಾರುತ್ ಯುದ್ಧವಿಮಾನ ಹಾರಿತ್ತು. 147 ವಿಮಾನ ಮಾಡಿ ನಿಲ್ಲಿಸಿದರು. ಮುಂದಿನ ವಿಮಾನದ ಕೆಲಸ ಸಿಗದೆ ಜನ ಚದುರಿದರು. ತೇಜಸ್ ಮೊದಲ ಸಲ ಹಾರುವಾಗ 2001 ಆಗಿತ್ತು.

ತೇಜಸ್ ಮಾಡುವ ಎಚ್‌ಎಎಲ್ ಕೂಡ ಸಂಬಳ ಕೊಡಲು ಸುಮಾರು 1,000 ಕೋಟಿ ಸಾಲ ತೆಗೆದದ್ದು 2019ರ ಜನವರಿಯಲ್ಲಿ ಸುದ್ದಿಯಾಯಿತು. ವಾಯುಪಡೆಯ ಬಾಕಿ ಬಂದಿರಲಿಲ್ಲ. ಅದಕ್ಕಾದರೂ ಬ್ಯಾಂಕು ಸಾಲ ಕೊಟ್ಟಿತು. ಸಂಬಳಕ್ಕೆ ಅಂತ ನಮಗೆ ಯಾರು ಸಾಲ ಕೊಡುತ್ತಾರೆ?

ವಾಯುಪಡೆಗೆ ಯುದ್ಧವಿಮಾನದ 42 ಸ್ಕ್ವಾಡ್ರನ್ (ತುಕಡಿ) ಬೇಕು, ಅಷ್ಟು ಇಲ್ಲ ಅಂತ ನಿಮ್ಮವರೇ ಹೇಳುತ್ತಾರೆ. ವಿಮಾನ ಸಾಲದು, ಮಾಡುವವರಿಗೆ ಕೆಲಸವಿಲ್ಲ. ಇದೆಂಥ ಲೆಕ್ಕ? ಎಚ್‌ಎಎಲ್ ಮಾಡಲಿ, ಖಾಸಗಿಯವರು ಮಾಡಲಿ, ನನಗೆ ಎರಡೂ ಒಂದೇ. ಎಂಜಿನ್ ತಡವಾದರೆ ಬಿಡಿಭಾಗದ ಕೆಲಸ ನಿಲ್ಲಿಸಬೇಡಿ, ಮುಂದಿನ ವರ್ಷದ್ದನ್ನು ಈಗಲೇ ಮಾಡಿಸಿಕೊಳ್ಳಿ. ನೀವು ಕೊಟ್ಟ ಮುಂಗಡ ಕೆಳಗಿನ ಶಾಪಿನವರೆಗೂ ಬಂತಾ ಅಂತ ವಿಚಾರಿಸಿ. ಮತ್ತೆ ಹೇಳುತ್ತೇನೆ, ಆರ್ಡರ್ ವರ್ಷವರ್ಷ ಬರಲಿ, ದುಡ್ಡು 45 ದಿನದಲ್ಲಿ ಬರಲಿ.

ಮುಂದಿನ ಏರೋ ಇಂಡಿಯಾಗೆ ಯಲಹಂಕಕ್ಕೆ ಬಂದಾಗ ಹಾಗೇ ಪೀಣ್ಯಕ್ಕೂ ಬನ್ನಿ. ದೂರವೇನಿಲ್ಲ. ಎಲ್‌ಡಿ ಹಿಡಿದ ಬಿಲ್ ತೋರಿಸುತ್ತೇನೆ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಸಪ್ಲೈಯರ್